ಹುಟ್ಟು ಕಳ್ಳ ಅನ್ನೋರು ಇರ್ತಾರಾ?

ಹುಬ್ಬಳ್ಳಿ ಕಡೆಯವರಾದ್ರೆ ನಿಮಗೆ ‘ಸೆಟ್ಲಮೆಂಟ್’ ಅನ್ನೋ ಏರಿಯಾ ಗೊತ್ತಿರುತ್ತೆ. ಗದಗಿನಲ್ಲೂ ಅದೇ ಹೆಸರಿನ ಜಾಗ ಇದೆ. ಇದು ಯಾವುದೋ ಲೇಔಟಿಗೆ ಇಟ್ಟ ಇಂಗ್ಲಿಷ್ ಹೆಸರು ಅಂತ ನಾನೂ ತುಂಬ ದಿನ ಅಂದುಕೊಂಡಿದ್ದೆ. ಅಲ್ಲ. ಅದರ ಹಿಂದೆ ಒಂದು ಕಾನೂನಿದೆ. ಆ ಕಾನೂನಿನ ಹಿಂದೆ, ಅಪರಾಧಿ ಅಂದ್ರೆ ಯಾರು ಅನ್ನೋದರ ಬಗ್ಗೆ ಒಂದು ನಂಬಿಕೆ ಇದೆ. ಇವತ್ತಿನ ಮಾತು ಆ ನಂಬಿಕೆಯ ಬಗ್ಗೆ.

ಮೊದಲು ಇಟಲಿಗೆ ಹೋಗೋಣ. 1764ರಲ್ಲಿ ಮಿಲಾನಿನ ಚೆಸಾರೆ ಬೆಕ್ಕಾರಿಯಾ ಅಪರಾಧ ಮತ್ತು ಶಿಕ್ಷೆಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ವಯಸ್ಸು ಇಪ್ಪತ್ತಾರು. ಭಯಕ್ಕೆ ಹೆಸರನ್ನೂ ಹಾಕಲಿಲ್ಲ. ಅವನು ಹೇಳಿದ್ದು ಇಷ್ಟೇ: ಮನುಷ್ಯ ಲಾಭ ನಷ್ಟ ಲೆಕ್ಕ ಹಾಕಿ ಕೆಲಸ ಮಾಡ್ತಾನೆ, ಅಪರಾಧವೂ ಹಾಗೇ. ಆದ್ದರಿಂದ ಶಿಕ್ಷೆ ಕ್ರೂರವಾಗಿರಬೇಕಿಲ್ಲ, ತಪ್ಪಿಸಿಕೊಳ್ಳೋಕೆ ಆಗದಂತಿದ್ರೆ ಸಾಕು, ಬೇಗ ಸಿಗುವಂತಿದ್ರೆ ಸಾಕು. ಚಿತ್ರಹಿಂಸೆ ಬೇಡ, ಮರಣದಂಡನೆಯೂ ಬೇಡ. ಇಲ್ಲಿ ಗಮನಿಸಿ, ಅವನು ಕೇಳಿದ್ದು ‘ಏನು ಮಾಡಿದ’ ಅಂತ. ‘ಯಾರ ಮಗ’ ಅಂತ ಕೇಳಲಿಲ್ಲ.

ನೂರು ವರ್ಷ ಕಳೆದ ಮೇಲೆ ಪ್ರಶ್ನೆ ತಿರುವುಮುರುವಾಯ್ತು. ಚೆಸಾರೆ ಲೊಂಬ್ರೋಸೊ ಅನ್ನೋ ವೈದ್ಯ, ವಿಲೆಲ್ಲ ಅನ್ನೋ ಕಲಾಬ್ರಿಯಾದ ಬಡ ಕೈದಿಯ ತಲೆಬುರುಡೆ ಪರೀಕ್ಷೆ ಮಾಡ್ತಿದ್ದ. ಬುರುಡೆಯ ಹಿಂಭಾಗದ ತಳದಲ್ಲಿ ಒಂದು ಸಣ್ಣ ಕುಳಿ ಕಾಣಿಸ್ತು. ಇಂಥದ್ದು ಕೆಳದರ್ಜೆಯ ಪ್ರಾಣಿಗಳಲ್ಲಿ ಇರುತ್ತಲ್ಲ ಅಂತ ಅವನಿಗೆ ಅನ್ನಿಸ್ತು. ಅಷ್ಟು ಸಾಕಾಯ್ತು! ಅಪರಾಧಿ ಅಂದ್ರೆ ವಿಕಾಸದ ದಾರಿಯಲ್ಲಿ ಹಿಂದೆ ಉಳಿದ ಮನುಷ್ಯ, ದೊಡ್ಡ ದವಡೆ, ಚಾಚಿದ ಕಿವಿ, ಉದ್ದ ಕೈ ನೋಡಿದ್ರೆ ಗುರುತು ಹಿಡೀಬಹುದು ಅಂತ 1876ರಲ್ಲಿ ಪುಸ್ತಕ ಬರೆದ. ಕೊನೆಕೊನೆಗೆ ಅವನೇ, ಹುಟ್ಟು ಅಪರಾಧಿಗಳು ಎಲ್ಲರೂ ಅಲ್ಲ, ಸುಮಾರು ಮೂರನೇ ಒಂದು ಭಾಗ ಇರಬಹುದು ಅಂತ ಇಳಿಸಿಕೊಂಡ. 1913ರಲ್ಲಿ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನ ಅಳೆದು ನೋಡಿ, ಅಂಥ ದೇಹದ ಗುರುತೇ ಇಲ್ಲ ಅಂದ. ಕ್ಲಾಸಿನಲ್ಲಿ ಲೊಂಬ್ರೋಸೊ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತೆ. ಐದು ಮಾರ್ಕಿನ ಉತ್ತರ.

ನಮ್ಮಲ್ಲಿ ಮುಗಿಯಲಿಲ್ಲ. ಲೊಂಬ್ರೋಸೊ ಪುಸ್ತಕಕ್ಕಿಂತ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತ್ತು. ಅದು ಬುರುಡೆ ಅಳೆಯೋ ಗೋಜಿಗೇ ಹೋಗಲಿಲ್ಲ. ಈ ದೇಶದಲ್ಲಿ ಬಡಗಿ ಕೆಲಸ, ನೇಯ್ಗೆ ಜಾತಿಯಿಂದ ಬರುತ್ತೆ, ಹಾಗೇ ಕಳ್ಳತನವೂ ಬರುತ್ತೆ ಅನ್ನೋದು ವಾದ. ಇಡೀ ಸಮುದಾಯವನ್ನ ‘ಅಪರಾಧಿ’ ಅಂತ ಘೋಷಿಸಿದ್ರೆ ಮುಗೀತು, ಹುಟ್ಟೋ ಮಗುವೂ ಅದರಲ್ಲೇ ಸೇರಿತು. ಮೊದಲು ಉತ್ತರ ಭಾರತಕ್ಕಿದ್ದ ಈ ಕಾನೂನು 1911 ಮತ್ತು 1924ರ ಹೊಸ ಕಾಯ್ದೆಗಳಲ್ಲಿ ಎಲ್ಲ ಕಡೆ ಹಬ್ಬಿತು. ಹಾಜರಿ ಕೊಡಬೇಕು. ಪಾಸ್ ಇಲ್ಲದೆ ಊರು ಬಿಡೋ ಹಾಗಿಲ್ಲ. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರ, ಆಚೆ ಸೊಲ್ಲಾಪುರದಲ್ಲಿ ಇವರನ್ನ ಕೂಡಿಹಾಕಿದ ವಸಾಹತುಗಳೇ ಸೆಟ್ಲಮೆಂಟ್‌ಗಳು. ಸೊಲ್ಲಾಪುರದಂಥ ಕಡೆ ಗಿರಣಿಗೆ ಕೂಲಿ ಆಳುಗಳೂ ಇಲ್ಲಿಂದಲೇ ಸಿಕ್ಕರು. ಅದನ್ನ ‘ಸುಧಾರಣೆ’ ಅಂತ ಕರೆದರು.

ಹಾಗಾದ್ರೆ ಈ ಜನ ಯಾರು? ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ಮಾರ್ತಿದ್ದ ಕೊರಚರಂಥವರು ಇದರಲ್ಲಿದ್ರು. ರೈಲು ಬಂತು, ಸರ್ಕಾರದ ಉಪ್ಪಿನ ನೀತಿ ಬಂತು, ವ್ಯಾಪಾರ ಬಿತ್ತು. ತಿರುಗಾಟ ಮಾತ್ರ ಉಳೀತು. ಊರಿನವರ ಕಣ್ಣಿಗೆ, ಪೊಲೀಸರ ಕಣ್ಣಿಗೆ ತಿರುಗಾಟವೇ ಗುಮಾನಿ.

ಇದನ್ನ ಅರ್ಥಮಾಡಿಕೊಳ್ಳೋಕೆ ಬೇಕಾದ ಸಿದ್ಧಾಂತ ಆಮೇಲೆ ಅಮೆರಿಕದಲ್ಲಿ ಬಂತು. ಶಿಕಾಗೋದಲ್ಲಿ ಶಾ ಮತ್ತು ಮೆಕೇ ಅನ್ನೋ ಇಬ್ಬರು ದಶಕಗಳ ದಾಖಲೆ ಹಾಕಿ ಊರಿನ ಮ್ಯಾಪ್ ಮಾಡಿದ್ರು. ಕೆಲವು ಬಡ ಬಡಾವಣೆಗಳಲ್ಲಿ ಜನ ಪೂರ್ತಿ ಬದಲಾದ್ರೂ, ಒಂದು ದೇಶದವರು ಹೋಗಿ ಇನ್ನೊಂದು ದೇಶದವರು ಬಂದ್ರೂ, ಬಾಲಾಪರಾಧ ಅಲ್ಲೇ ಹೆಚ್ಚಿತ್ತು. ಅಂದ್ರೆ ದೋಷ ರಕ್ತದಲ್ಲಿರಲಿಲ್ಲ, ಬದುಕೋ ಸ್ಥಿತಿಯಲ್ಲಿತ್ತು. 1963ರಲ್ಲಿ ಹವರ್ಡ್ ಬೆಕರ್ ಇನ್ನೊಂದು ಹೆಜ್ಜೆ ಮುಂದೆ ಹೋದ: ನಿಯಮ ಮಾಡೋದು ಒಂದು ಗುಂಪು, ‘ಕೆಟ್ಟವ’ ಅನ್ನೋ ಚೀಟಿ ಅಂಟೋದು ಇನ್ನೊಬ್ಬರಿಗೆ. ಒಮ್ಮೆ ಅಂಟಿದ ಮೇಲೆ ಕೆಲಸ ಸಿಗಲ್ಲ, ಬಾಡಿಗೆ ಮನೆ ಸಿಗಲ್ಲ. ನನ್ನ ಮಟ್ಟಿಗೆ ಸೆಟ್ಲಮೆಂಟ್ ಕಥೆಗೆ ಇದಕ್ಕಿಂತ ಹತ್ತಿರದ ಸಿದ್ಧಾಂತ ಇನ್ನೊಂದಿಲ್ಲ.

1952ರ ಆಗಸ್ಟ್ 31ರಂದು ಕಾನೂನು ರದ್ದಾಯ್ತು. ಅದಕ್ಕೇ ಆ ಸಮುದಾಯಗಳಿಗೆ ‘ವಿಮುಕ್ತ’ ಅನ್ನೋ ಹೆಸರು. ಆದ್ರೆ ಬದಲಿಗೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದ್ದು. ಕಾಗದದಲ್ಲಿ ಜಾತಿ ಹೋಯ್ತು, ಜೈಲಿನ ಕೈಪಿಡಿಗಳಲ್ಲಿ ಹೋಗಲಿಲ್ಲ. ಪತ್ರಕರ್ತೆ ಸುಕನ್ಯಾ ಶಾಂತಾ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು, ಇಂಥ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ, ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯೋಕೆ ಆದೇಶ ಕೊಡ್ತು. ಕಾಯ್ದೆ ರದ್ದಾಗಿ 72 ವರ್ಷ ಆದ ಮೇಲೆ.

ಮುಂದಿನ ಸಂಚಿಕೆಯಲ್ಲಿ ಸೂಟು ಬೂಟಿನವರ ಅಪರಾಧ. ಎಡ್ವಿನ್ ಸದರ್ಲ್ಯಾಂಡ್ 1949ರಲ್ಲಿ ಅದರ ಬಗ್ಗೆ ಪುಸ್ತಕ ಬರೆದಾಗ, ಕಂಪನಿಗಳ ಹೆಸರು ತೆಗೆದೇ ಅಚ್ಚು ಹಾಕಬೇಕಾಯ್ತು. ಯಾಕೆ ಅಂತ ಅವತ್ತು ಮಾತಾಡೋಣ.