ತಂತಿಯ ಮೇಲಿನ ಕಿಡಿಯ ಲೆಕ್ಕ

ಗಾಳಿ-ಮಳೆಯ ಸಂಜೆ ಹೊಳಲ್ಕೆರೆಯ ಮನೆಗಳಲ್ಲಿ ದೀಪ ಒಮ್ಮೆ ಕುಗ್ಗಿ, ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಬೆಳಗುವುದುಂಟು. ಇದಕ್ಕೆ ಕಾರಣ ಊರಿನ ಕಂಬವೇ ಆಗಬೇಕೆಂದಿಲ್ಲ. ಹಿರಿಯೂರಿನ 400 ಕಿಲೋವೋಲ್ಟ್ ಕೇಂದ್ರದಂಥ ಕಡೆ ಬಂದು ಸೇರುವ ದೂರದ ಹೈಟೆನ್ಷನ್ ಲೈನಿಗೆ ಎಲ್ಲೋ ಸಿಡಿಲು ಬಡಿದು, ತಂತಿಯಿಂದ ಟವರಿಗೆ ಬೆಂಕಿಯ ಎಳೆಯೊಂದು ಹಾಯ್ದಿರಬಹುದು. ಇದೇ ಆರ್ಕ್, ಅಂದರೆ ವಿದ್ಯುತ್ ಚಾಪ. ಅದರ ಶಾಖ ಸಾವಿರಾರು ಡಿಗ್ರಿ.

ದೂರದ ಲೈನು ನಮ್ಮ ನಾಡಿಗೆ ಹೊಸದಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಅದು ಆಗ ಜಗತ್ತಿನಲ್ಲೇ ಉದ್ದದ ಲೈನು ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ 142 ಮೈಲಿಯ ಲೈನಿತ್ತು. ಇದರಿಂದ ನಮ್ಮವರ ಸಾಹಸವೇನೂ ಕಡಿಮೆಯಾಗದು. ಲೈನಿನಲ್ಲಿ ಆರ್ಕ್ ಹತ್ತಿದರೆ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಸೂತ್ರ ಅಂದು ಯಾರ ಬಳಿಯೂ ಇರಲಿಲ್ಲ. ಅನುಭವವೇ ಗುರು.

ಕಾಯುವುದರಲ್ಲೇ ಇದೆ ಇಕ್ಕಟ್ಟು. ಬ್ರೇಕರ್ ಕರೆಂಟು ಕಡಿದರೆ ಆರ್ಕ್ ಸಾಮಾನ್ಯವಾಗಿ ತಾನೇ ಆರುತ್ತದೆ. ಆಮೇಲೆ ಲೈನನ್ನು ಮತ್ತೆ ಜೋಡಿಸಬಹುದು. ಬೇಗ ಜೋಡಿಸಿದರೆ, ಇನ್ನೂ ಕಾದಿರುವ ಗಾಳಿಯಲ್ಲಿ ಆರ್ಕ್ ಮತ್ತೆ ಹೊತ್ತಿಕೊಳ್ಳುತ್ತದೆ. ತಡವಾದರೆ ಲೈನಿನ ಎರಡು ತುದಿಯ ಜನರೇಟರುಗಳ ತಾಳ ತಪ್ಪಿ ಊರೂರೇ ಕತ್ತಲಾಗಬಹುದು. ಮೂರು ತಂತಿಗಳ ಪೈಕಿ ಕೆಟ್ಟ ಒಂದನ್ನಷ್ಟೇ ಕಡಿದಾಗ ಇನ್ನೊಂದು ಫಜೀತಿ: ಪಕ್ಕದ ಎರಡು ಜೀವಂತ ತಂತಿಗಳ ಪ್ರಭಾವದಿಂದ ಅದರಲ್ಲಿ ಅಲ್ಪ ಕರೆಂಟು ಉಳಿದು ಆರ್ಕಿಗೆ ಉಸಿರು ಕೊಡುತ್ತಿರುತ್ತದೆ. ಲೈನು ಉದ್ದವಾದಷ್ಟೂ ಈ ಉಪದ್ರವ ಹೆಚ್ಚು.

ಇದನ್ನು ತಿಳಿಯಲು ನಿಜವಾದ ಲೈನಿಗೆ ಮತ್ತೆ ಮತ್ತೆ ಬೆಂಕಿ ಹಚ್ಚಲಾದೀತೆ? 1939ರಲ್ಲಿ ಕ್ಯಾಸಿ, 1943ರಲ್ಲಿ ಮಾಯರ್ ಎಂಬುವರು ಆರ್ಕನ್ನು ಸಮೀಕರಣಕ್ಕೆ ತಂದರು. ಅವರ ಪ್ರಕಾರ ಅದು ಶಾಖದ ಆದಾಯ-ವೆಚ್ಚಕ್ಕೆ ತಕ್ಕಂತೆ ಬದಲಾಗುವ ಒಂದು ರೆಸಿಸ್ಟೆನ್ಸ್. ಇಡೀ ಲೈನನ್ನೇ ಕಂಪ್ಯೂಟರಿನೊಳಗೆ ಕಟ್ಟುವ ವಿಧಾನವನ್ನು ಹರ್ಮನ್ ಡೊಮೆಲ್ 1969ರ ಪ್ರಬಂಧದಲ್ಲಿ ವಿವರಿಸಿದರು. ವಿದ್ಯುತ್ ಅಲೆ ಮೈಕ್ರೋಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಶಿವನಸಮುದ್ರದಿಂದ ಕೋಲಾರಕ್ಕೆ ಅರ್ಧ ಮಿಲಿಸೆಕೆಂಡು ಸಾಕು. ಹಾಗಾಗಿ ಕಂಪ್ಯೂಟರು ಮೈಕ್ರೋಸೆಕೆಂಡುಗಳ ಪುಟ್ಟ ಹೆಜ್ಜೆಗಳಲ್ಲಿ ಲೆಕ್ಕ ಹಾಕಬೇಕು.

1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಲೆಕ್ಕವನ್ನು ನಿಜಕಾಲದಲ್ಲೇ ನಡೆಸುವ ಸಿಮ್ಯುಲೇಟರ್ ಇದೆ. ಲೈನು ಹುಸಿ, ಸಿಡಿಲೂ ಹುಸಿ. ಅದಕ್ಕೆ ಜೋಡಿಸಿದ ರಿಲೇ ಮಾತ್ರ ನಿಜ. ಯಾವಾಗ ಕಡಿಯಬೇಕು, ಯಾವಾಗ ಕೂಡಿಸಬೇಕು ಎಂಬ ಪರೀಕ್ಷೆ ನಿಜವಾದ ಕೆಲಸಕ್ಕೆ ಇಳಿಯುವ ಮೊದಲೇ ಅದಕ್ಕೆ ಅಲ್ಲಿ ಮುಗಿದಿರುತ್ತದೆ.