ತಲೆದೀಪದೊಳಗಿನ ಪುಟ್ಟ ಡ್ರೈವರ್

ಗಣಿ ಕಾರ್ಮಿಕರ ತಲೆದೀಪ ಮೊದಲು ಬೆಂಕಿಯ ದೀಪವಾಗಿತ್ತು. 1900ರಲ್ಲಿ ಅಮೆರಿಕದ ಫ್ರೆಡರಿಕ್ ಬಾಲ್ಡ್‌ವಿನ್ ಪೇಟೆಂಟ್ ಪಡೆದ ಕಾರ್ಬೈಡ್ ದೀಪದಲ್ಲಿ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಂತೆ ಅಸಿಟಿಲೀನ್ ಹುಟ್ಟಿ ಉರಿಯುತ್ತಿತ್ತು. ಮೀಥೇನ್ ಸೇರಿಕೊಂಡ ಕಲ್ಲಿದ್ದಲು ಗಣಿಯಲ್ಲಿ ಆ ಬತ್ತಲೆ ಜ್ವಾಲೆ ಸ್ಫೋಟಕ್ಕೆ ದಾರಿ. 1910ರ ದಶಕದಲ್ಲಿ ಎಡಿಸನ್ ಕಂಪನಿಯ ವಿದ್ಯುತ್ ದೀಪ ಬಂತು: ಬ್ಯಾಟರಿ ಸೊಂಟಕ್ಕೆ, ಬಲ್ಬು ಟೋಪಿಗೆ.

ಆ ಬಲ್ಬಿಗೆ ನಿಯಂತ್ರಕ ಬೇಕಿರಲಿಲ್ಲ. ತಂತಿ ಕಾದಂತೆ ರೋಧ ಏರಿ ವಿದ್ಯುತ್ತನ್ನು ತಾನೇ ತಡೆಯುತ್ತಿತ್ತು. ಎಲ್‌ಇಡಿಗೆ ಆ ಗುಣವಿಲ್ಲ. ಅದು ಕಾದಷ್ಟೂ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಸುಟ್ಟುಹೋಗಬಹುದು. 1990ರ ದಶಕದಲ್ಲಿ ಬಿಳಿ ಎಲ್‌ಇಡಿ ಬಂದ ಬಳಿಕ ಇಂಥ ಹಳೆಯ ತಲೆದೀಪಗಳನ್ನು ಮಾರ್ಪಡಿಸಹೊರಟ ಗುಹಾನ್ವೇಷಕರಿಗೆ ವಿದ್ಯುತ್ತನ್ನು ಮಿತಿಯಲ್ಲಿಡುವ ಡ್ರೈವರ್ ಅನಿವಾರ್ಯವಾದದ್ದು ಹೀಗೆ.

ಮುಂದೆ ಜನಪ್ರಿಯವಾದ ಎಎಂಸಿ7135 ಡ್ರೈವರ್ ಚಿಪ್ ವಿದ್ಯುತ್ತನ್ನು ಸುಮಾರು 350 ಮಿಲಿಆಂಪಿಯರ್ ಮೀರಗೊಡದು. ಸುರುಳಿ ಬೇಡದ ಕಾರಣ 17 ಮಿಲಿಮೀಟರಿನ ದುಂಡು ಫಲಕದಲ್ಲಿ ಇಂಥ ಹಲವು ಚಿಪ್‌ಗಳು ಕೂರುತ್ತವೆ. ಮಿಕ್ಕ ವೋಲ್ಟೇಜನ್ನು ಮಾತ್ರ ಅದು ಶಾಖವಾಗಿ ಕಳೆಯುತ್ತದೆ: 4 ವೋಲ್ಟಿನ ಬ್ಯಾಟರಿಯಿಂದ 3 ವೋಲ್ಟಿನ ಎಲ್‌ಇಡಿ ಬೆಳಗಿದರೆ ಕಾಲುಭಾಗ ಪೋಲು. 12 ವೋಲ್ಟನ್ನು ಆ ಚಿಪ್ ತಾಳದು; ಅಲ್ಲಿ ವೋಲ್ಟೇಜ್ ಇಳಿಸುವ ಬಕ್ ಡ್ರೈವರ್ ಬೇಕು, 1.5 ವೋಲ್ಟಿನ ಒಂಟಿ ಸೆಲ್ಲಿಗೆ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್. ಒಂದೇ ಲಿಥಿಯಂ ಸೆಲ್ಲಿನ ದೀಪಕ್ಕಾದರೆ 7135ರ ಸರಳ ಫಲಕವೇ ಒಳ್ಳೆಯ ಆಯ್ಕೆ.