ತಾಮ್ರದ ಕೇಬಲ್ ಮೂಲಕ ಗಿಗಾಬಿಟ್ ಈಥರ್ನೆಟ್: ಹೆಸರುಗಳ ಅರ್ಥ ಹಾಗೂ ಕೇಬಲ್ ಅಳವಡಿಕೆಯ ಅಗತ್ಯಗಳು

ಪೀಣ್ಯ, ವೈಟ್‌ಫೀಲ್ಡ್ ಹಾಗೂ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಸ್ಥಾಪಿಸಿದ ಎಲೆಕ್ಟ್ರಾನಿಕ್ಸ್ ಸಿಟಿ ಪ್ರದೇಶಗಳಲ್ಲಿ ಅಧಿಕ ವೇಗದ ಇಂಟರ್‌ನೆಟ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು, ಕಟ್ಟಡದ ಒಳಗಿನ ಕೇಬಲ್ ಆ ವೇಗಕ್ಕೆ ತಕ್ಕುದಾಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಸೂಕ್ತ. ಕೇಬಲ್‌ನ ಒಂದು ಜೋಡಿ ತಂತಿ ಕಡಿದಿದ್ದರೂ ವೇಗವು ಸೆಕೆಂಡಿಗೆ 100 ಮೆಗಾಬಿಟ್‌ಗೆ ಇಳಿಯಬಹುದು ಅಥವಾ ಸಂಪರ್ಕವೇ ದೊರೆಯದಿರಬಹುದು.

1. ಹೆಸರಿನ ಅರ್ಥ

1999ರಲ್ಲಿ ಅಂಗೀಕೃತವಾದ ಐಇಇಇ 802.3ಎಬಿ ಮಾನದಂಡದ ಹೆಸರು "1000ಬೇಸ್-ಟಿ". ಇದರಲ್ಲಿ,

• 1000: ಸೆಕೆಂಡಿಗೆ 1000 ಮೆಗಾಬಿಟ್ ವೇಗ.
• ಬೇಸ್: ಬೇಸ್‌ಬ್ಯಾಂಡ್, ಅಂದರೆ ವಾಹಕ ತರಂಗವಿಲ್ಲದೆ ಸಂಕೇತವನ್ನು ನೇರವಾಗಿ ಕಳುಹಿಸುವ ವಿಧಾನ.
• ಟಿ: ತಿರುಚಿದ ಜೋಡಿ ತಂತಿ.

ಹಿಂದಿನ 100ಬೇಸ್-ಟಿಎಕ್ಸ್ ಎರಡು ಜೋಡಿಗಳನ್ನು ಮಾತ್ರ ಬಳಸುತ್ತದೆ. 1000ಬೇಸ್-ಟಿ ನಾಲ್ಕೂ ಜೋಡಿಗಳಲ್ಲಿ ಏಕಕಾಲಕ್ಕೆ ಎರಡೂ ದಿಕ್ಕಿಗೆ ತಲಾ 250 ಮೆಗಾಬಿಟ್ ಸಾಗಿಸುತ್ತದೆ. "1000ಬೇಸ್-ಟಿಎಕ್ಸ್" ಎಂಬುದು ಕ್ಯಾಟಗರಿ 6 ಕೇಬಲ್ ಬೇಡುವ, ಬಳಕೆಗೆ ಬಾರದ ಪ್ರತ್ಯೇಕ ಮಾನದಂಡ. ಕೆಲವು ಸಾಧನಗಳ ಮೇಲೆ ಈ ಹೆಸರು ಮುದ್ರಿತವಾಗಿದ್ದರೂ ಅವು ಸಾಮಾನ್ಯವಾಗಿ 1000ಬೇಸ್-ಟಿ ಸಾಧನಗಳೇ ಆಗಿರುತ್ತವೆ. ಆದುದರಿಂದ ಖರೀದಿಸುವಾಗ 802.3ಎಬಿ ಎಂಬ ಉಲ್ಲೇಖವನ್ನು ಗಮನಿಸತಕ್ಕದ್ದು.

2. ಕೇಬಲ್‌ನ ಅಗತ್ಯಗಳು

• ಹೊಸ ಅಳವಡಿಕೆಗೆ ಕ್ಯಾಟಗರಿ 5ಇ ಅಥವಾ ಅದಕ್ಕಿಂತ ಮೇಲ್ದರ್ಜೆಯ ಕೇಬಲ್.
• ಒಟ್ಟು ಉದ್ದ 100 ಮೀಟರ್ ಮೀರಬಾರದು: ಸ್ಥಿರ ಕೇಬಲ್ 90 ಮೀಟರ್, ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳು ಸೇರಿ 10 ಮೀಟರ್.
• ತಂತಿಯು ಶುದ್ಧ ತಾಮ್ರದ್ದಾಗಿರಬೇಕು. ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿಯು ಈ ಮಾನದಂಡಗಳಿಗೆ ಒಳಪಡುವುದಿಲ್ಲ.
• ಜೋಡಣೆಯ ತುದಿಯಲ್ಲಿ ಜೋಡಿಗಳ ತಿರುಚನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು.
• ಎರಡೂ ತುದಿಗಳಲ್ಲಿ ಒಂದೇ ಬಣ್ಣದ ಕ್ರಮ (ಟಿ568ಎ ಅಥವಾ ಟಿ568ಬಿ) ಇರಬೇಕು.

3. ಕಾರ್ಖಾನೆಗಳಿಗೆ ವಿಶೇಷ ಸೂಚನೆ

ಪೀಣ್ಯದಂತಹ ಪ್ರದೇಶದ ಯಂತ್ರಶಾಲೆಗಳಲ್ಲಿ ಮೋಟಾರು, ವೆಲ್ಡಿಂಗ್ ಯಂತ್ರ ಹಾಗೂ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು ವಿದ್ಯುತ್ ಅಡಚಣೆ ಉಂಟುಮಾಡುತ್ತವೆ. ದತ್ತಾಂಶ ಕೇಬಲ್ಲನ್ನು ವಿದ್ಯುತ್ ಕೇಬಲ್‌ನಿಂದ ದೂರವಿರಿಸಿ, ಪ್ರತ್ಯೇಕ ಕೊಳವೆಯಲ್ಲಿ ಒಯ್ಯಬೇಕು. ಲೋಹದ ಕವಚವುಳ್ಳ ಕೇಬಲ್ ಬಳಸಿದಲ್ಲಿ ಸೂಕ್ತ ಭೂಸಂಪರ್ಕ ಕಡ್ಡಾಯ. ಒಂದು ಶೆಡ್‌ನಿಂದ ಮತ್ತೊಂದಕ್ಕೆ ಆಪ್ಟಿಕಲ್ ಫೈಬರ್ ಬಳಸಿದಲ್ಲಿ ಉದ್ದದ ಮಿತಿ ಹಾಗೂ ಸಿಡಿಲಿನ ಅಪಾಯ ಎರಡೂ ನಿವಾರಣೆಯಾಗುತ್ತವೆ.

4. ಹಳೆಯ ಕಟ್ಟಡಗಳು

ಒಂದೇ ಕೇಬಲ್‌ನ ಎರಡು ಜೋಡಿಗಳನ್ನು ಗಣಕಯಂತ್ರಕ್ಕೂ ಉಳಿದವನ್ನು ದೂರವಾಣಿಗೂ ಹಂಚಿರುವ ಕಡೆ ಗಿಗಾಬಿಟ್ ವೇಗ ದೊರೆಯುವುದಿಲ್ಲ. ಅಂತಹ ಕಡೆ ಪ್ರತ್ಯೇಕ ಕೇಬಲ್ ಎಳೆಯಬೇಕು.

5. ಹಣ ಪಾವತಿಗೆ ಮುನ್ನ

ದೀಪ ಉರಿಯುವ ಸರಳ ಪರೀಕ್ಷಕವು ತಂತಿಗಳು ಕ್ರಮವಾಗಿ ಕೂಡಿವೆಯೇ ಎಂಬುದನ್ನಷ್ಟೇ ತಿಳಿಸುತ್ತದೆ. ಒಂದು ಜೋಡಿಯಿಂದ ಮತ್ತೊಂದಕ್ಕೆ ಸೋರುವ ಸಂಕೇತವನ್ನು ಅಳೆಯುವುದಿಲ್ಲ. ಆದ್ದರಿಂದ ಗುತ್ತಿಗೆದಾರರಿಂದ ಪ್ರತಿ ಕೇಬಲ್‌ನ ಪ್ರಮಾಣೀಕರಣ ಪರೀಕ್ಷಾ ವರದಿಯನ್ನು ಪಡೆದು, ಅದನ್ನು ಬಿಲ್ಲಿನೊಂದಿಗೆ ಇಟ್ಟುಕೊಳ್ಳುವುದು ಒಳಿತು.